ಎಕ್ಕದ ಗಿಡದಲ್ಲಿ ಚಿಟ್ಟೆ ಲೆಕ್ಕ: ಮುಂಬೈಯಲ್ಲಿ ಶುರು ಮಾಡುವವರಿಗೆ

ಮೊನಾರ್ಕ್ ಚಿಟ್ಟೆ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಅಮೆರಿಕದಲ್ಲಿ ಸ್ವಯಂಸೇವಕರು ಅದನ್ನು ಬಲೆಯಲ್ಲಿ ಹಿಡಿದು, ಹಿಂದಿನ ರೆಕ್ಕೆಯ ಕೆಳಮೈಗೆ ನಂಬರಿನ ಗುಂಡು ಸ್ಟಿಕ್ಕರ್ ಅಂಟಿಸಿ ಬಿಡುತ್ತಾರೆ. ಚಿಟ್ಟೆ ತೂಗುವುದು ಅರ್ಧ ಗ್ರಾಂ, ಸ್ಟಿಕ್ಕರ್ ಸುಮಾರು 10 ಮಿಲಿಗ್ರಾಂ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊನಾರ್ಕ್ ವಾಚ್ 1992ರಿಂದ ಇದನ್ನು ನಡೆಸುತ್ತಿದೆ. ಚಳಿಗಾಲಕ್ಕೆ ಹೆಚ್ಚಿನ ಚಿಟ್ಟೆಗಳು ಮೆಕ್ಸಿಕೋದ ಕೆಲವೇ ಬೆಟ್ಟಗಳಿಗೆ ಹೋಗಿ ಸೇರುವುದರಿಂದ ಅಲ್ಲಿ ನಂಬರ್ ಓದುವ ಕಣ್ಣುಗಳಿವೆ. ನಮ್ಮಲ್ಲಿ ಅಂಥ ಜಾಲವಿಲ್ಲದೆ ಸ್ಟಿಕ್ಕರ್ ಅಂಟಿಸಿದರೆ ಚಿಟ್ಟೆಗೆ ಹೊರೆ ಅಷ್ಟೇ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಂತೂ ಅನುಮತಿಯಿಲ್ಲದೆ ಬಲೆ ಬೀಸುವ ಹಾಗೇ ಇಲ್ಲ.

ಮೊನಾರ್ಕ್ ಇಲ್ಲಿಲ್ಲದಿದ್ದರೂ, ಹಿಡಿಯದೆ ಎಣಿಸಲು ಅದರ ದಾಯಾದಿ ಪ್ಲೇನ್ ಟೈಗರ್ ಇದೆ. ಅದು ಮೊಟ್ಟೆಯಿಡುವ ಎಕ್ಕ ಲೋಕಲ್ ರೈಲು ಹಳಿಯ ಪಕ್ಕ, ಖಾಲಿ ಸೈಟು, ಖಾಡಿಯ (ಸಮುದ್ರದ ಹಿನ್ನೀರಿನ) ಅಂಚು, ಎಲ್ಲೆಂದರಲ್ಲಿ ಬೆಳೆಯುತ್ತದೆ. ರಥಸಪ್ತಮಿಗೆ ತಲೆಯ ಮೇಲಿಟ್ಟು ಮೀಯುವ ಅದೇ ಎಲೆ. ಇಲ್ಲಿಯವರು ರುಯಿ ಅನ್ನುತ್ತಾರೆ. ಮನೆಗೆ ಹತ್ತಿರದ ಐದು ಗಿಡ ಗೊತ್ತುಮಾಡಿಕೊಂಡು ನಂಬರ್ ಕೊಡಿ. ಹಳಿ ದಾಟಿ ಹೋಗಬೇಕಾದ ಗಿಡ ಬೇಡ.

ಮೊಟ್ಟೆ ಮೂರ್ನಾಲ್ಕು ದಿನದಲ್ಲಿ ಒಡೆಯುವುದರಿಂದ ವಾರಕ್ಕೊಮ್ಮೆ ಹೋದರೆ ಸಾಲದು. ಗುರುವಾರ ಒಮ್ಮೆ, ಸೋಮವಾರ ಒಮ್ಮೆ ಹೋಗಿ. ಶನಿವಾರ ಮಾರುತಿಗೆ ರುಯಿ ಎಲೆಯ ಹಾರ ಏರುತ್ತದಲ್ಲ, ಹಾರ ಕಟ್ಟುವವರು ಅದಕ್ಕೆ ಮೊದಲೇ ಎಲೆ ಕಿತ್ತಿರುತ್ತಾರೆ. ಎಲೆಯ ಜೊತೆ ಮೊಟ್ಟೆಯೂ ಹೋಯಿತು. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್, ನವೆಂಬರಿನಲ್ಲಿ, ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರೊಳಗೆ ಹೋಗುವುದು ಒಳ್ಳೆಯದು.

ಮೊದಲು ದೂರದಲ್ಲೇ ನಿಂತು ಹಾರುವ ಚಿಟ್ಟೆ ಎಣಿಸಿ. ಒಂದೇ ಚಿಟ್ಟೆ ನಾಲ್ಕು ಸಲ ಸುತ್ತು ಹಾಕಿದರೆ ಅದು ನಾಲ್ಕಲ್ಲ; ಹದಿನೈದು ನಿಮಿಷದಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನೇ ಬರೆಯಿರಿ. ನಿಮ್ಮ ನೆರಳು ಮೇಲೆ ಬೀಳದ ಹಾಗೆ ಹತ್ತಿರ ಹೋಗಿ ಫೋಟೋ ತೆಗೆಯಿರಿ. ಹಿಂದಿನ ರೆಕ್ಕೆಯ ನಡುವೆ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಗಂಡು, ಮೂರಿದ್ದರೆ ಹೆಣ್ಣು. ಒಂದೇ ಚುಕ್ಕೆ ಇದ್ದರೆ ಮೋಸಹೋಗಬೇಡಿ, ಅದು ಡಾನೈಡ್ ಎಗ್‌ಫ್ಲೈ ಎಂಬ ಬೇರೆಯೇ ಚಿಟ್ಟೆಯ ಹೆಣ್ಣು. ಪ್ಲೇನ್ ಟೈಗರ್ ಎಕ್ಕದ ವಿಷ ಮೈಯಲ್ಲಿಟ್ಟುಕೊಂಡು ನಿಧಾನ ಹಾರುತ್ತದೆ, ಹಕ್ಕಿಗೆ ಅದರ ರುಚಿ ಬೇಡ. ಇವಳು ಅದರ ವೇಷ ತೊಟ್ಟು ಬದುಕುತ್ತಾಳೆ. ಹೊಸಬರ ಪಟ್ಟಿಯಲ್ಲಿ ಹೆಚ್ಚಿನ ತಪ್ಪು ಇಲ್ಲೇ.

ಆಮೇಲೆ ಎಲೆಯ ಅಡಿ ನೋಡಿ. ಮುರಿಯದೆ ಮೆಲ್ಲಗೆ ಎತ್ತಿ; ಹಾಲು ಕಣ್ಣಿಗೆ ತಾಗಿದರೆ ಉರಿಯಷ್ಟೇ ಅಲ್ಲ, ಕಣ್ಣಿಗೇ ಕುತ್ತು. ಮುಗಿದ ಮೇಲೆ ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಮೊಟ್ಟೆ ಸಾಸಿವೆಗಿಂತ ಚಿಕ್ಕದು, ಮುತ್ತಿನಂಥ ಬಿಳುಪು, ಮೇಲೆ ಸಣ್ಣ ಗೆರೆ, ಒಂಟಿಯಾಗಿ ಕೂತಿರುತ್ತದೆ. ಗುಂಪುಗಟ್ಟಿದ ಹಳದಿ ಕಾಳುಗಳು ಮೊಟ್ಟೆಯಲ್ಲ, ಗಿಡದ ರಸ ಹೀರುವ ಹೇನು. ಬೆರಳ ತುದಿ ಹತ್ತಿರ ತಂದರೆ ಕಾಲಾಡಿಸುತ್ತವೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುವಿನ ಬೆನ್ನಮೇಲೆ ಮೂರು ಜೊತೆ ಕರಿ ಎಳೆ ಇದ್ದರೆ ಪ್ಲೇನ್ ಟೈಗರ್. ಎರಡೇ ಜೊತೆಯಾದರೆ ಬೇರೆ ಸಾಲಿನಲ್ಲಿ ಬರೆದು ಫೋಟೋ ಇಟ್ಟುಕೊಳ್ಳಿ.

ಫೋಟೋಗಳನ್ನು ಐನ್ಯಾಚುರಲಿಸ್ಟ್‌ಗೆ (ಕಂಡ ಜೀವಿಗಳನ್ನು ದಾಖಲಿಸುವ ಆ್ಯಪ್) ಹಾಕುವಾಗ ಫೋನಿನ ಮೂಲ ಫೈಲನ್ನೇ ಹಾಕಿ. ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿ ಜಾಗ, ಹೊತ್ತು ಎರಡೂ ಅಳಿಸಿಹೋಗಿರುತ್ತವೆ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಪಕ್ಕದ ಗಲ್ಲಿಗೆ ಜಾರುತ್ತದೆ. ನಕ್ಷೆಯ ಗುರುತನ್ನು ಗಿಡದ ಮೇಲೆ ತಂದು ಕೂರಿಸಿ. ಆ್ಯಪ್ ಸೊನ್ನೆಯನ್ನು ಹಿಡಿದಿಡುವುದಿಲ್ಲವಾದ್ದರಿಂದ ನೋಟ್‌ಬುಕ್ ಬೇಕೇಬೇಕು: ಗಿಡದ ನಂಬರ್, ಎಲೆ ಎಷ್ಟು, ಚಿಟ್ಟೆ, ಮೊಟ್ಟೆ, ಹುಳು. ಏನೂ ಸಿಗದ ದಿನ 0 ಬರೆಯಿರಿ. ಪಕ್ಕದಲ್ಲೇ ಕಾರಣ ಗೊತ್ತಿದ್ದರೆ ಅದೂ ಇರಲಿ: "ಎಲೆ ಕಿತ್ತಿದ್ದಾರೆ", "ಪಾಲಿಕೆಯವರು ಕಳೆ ಸವರಿದ್ದಾರೆ".