ಬೇಸ್‌ಮೆಂಟಿಗೆ ಬಿಸಿಲು ಇಳಿಸಿದ ನನ್ನ ಅನುಭವ

ಬೆಂಗಳೂರಿನ ನಮ್ಮ ಬಡಾವಣೆ ಸಂಘದ ಕಟ್ಟಡದ ಬೇಸ್‌ಮೆಂಟಿಗೆ ವರ್ಷಗಳಿಂದ ಬೀಗ ಬಿದ್ದಿತ್ತು. ಅಲ್ಲಿ ಗಿಡ ಬೆಳೆಸಿ, ಎಲ್ಲರೂ ಬಂದು ಕೂರುವ ಜಾಗ ಮಾಡೋಣ ಅಂದೆ. ಎಲ್‌ಇಡಿ ಹಾಕಿದರೆ ಸಾಕಲ್ವಾ ಅಂದರು. ನನಗೆ ಬಿಸಿಲೇ ಬೇಕಿತ್ತು.

ಈ ಆಸೆ ಹುಟ್ಟಿದ್ದು 2016ರಲ್ಲಿ, ನ್ಯೂಯಾರ್ಕಿನ ಲೋಲೈನ್ ಲ್ಯಾಬ್ ನೋಡಿದಾಗ. ಡೆಲಾನ್ಸಿ ಸ್ಟ್ರೀಟ್ ಅಡಿಯಲ್ಲಿ 1948ರಿಂದ ಪಾಳು ಬಿದ್ದ ಟ್ರಾಮ್ ನಿಲ್ದಾಣವನ್ನು ಪಾರ್ಕ್ ಮಾಡಲು ಜೇಮ್ಸ್ ರಾಮ್ಸಿ ಮತ್ತು ಡ್ಯಾನ್ ಬರಾಶ್ ಹೊರಟಿದ್ದರು. ಅದರ ಪ್ರಯೋಗ ಈ ಲ್ಯಾಬ್. ಚಾವಣಿಯ ಮೇಲೆ ಹಿಡಿದ ಬಿಸಿಲು ಕೊಳವೆಗಳಲ್ಲಿ ಒಳಗೆ ಬರುತ್ತಿತ್ತು. ಕತ್ತಲೆ ಗೋದಾಮಿನಂಥ ಕಟ್ಟಡದಲ್ಲಿ ಸಾವಿರಾರು ಗಿಡಗಳಿದ್ದವು! ಹಣ ಸಾಲದೆ 2020ರಲ್ಲಿ ಪಾರ್ಕಿನ ಕೆಲಸ ನಿಂತಿದ್ದು ನನಗೆ ಇವತ್ತಿಗೂ ಬೇಸರ.

ನಮ್ಮದು ಸರಳ ಏರ್ಪಾಡು. ಟೆರೇಸಿನಲ್ಲಿ ಮೋಟಾರಿನಿಂದ ತಿರುಗುವ ಒಂದು ಚದರ ಮೀಟರ್ ಕನ್ನಡಿ. ಗಾಳಿ ಶಾಫ್ಟಿನ ಬಾಯಿಗೆ ಇನ್ನೊಂದು, ಅದರ ಬಿಸಿಲನ್ನು ಬೇಸ್‌ಮೆಂಟಿಗೆ ಇಳಿಸುವ ಕದಲದ ಕನ್ನಡಿ. ಎರಡೂ ಚಪ್ಪಟೆ. ಒಳಕ್ಕೆ ಬಾಗಿದ ಕನ್ನಡಿ ಬಿಸಿಲನ್ನು ಒಂದೇ ಕಡೆ ಸೇರಿಸಿ ಬೆಂಕಿ ಹೊತ್ತಿಸಬಹುದು, ಅದು ಬೇಡವೇ ಬೇಡ.

ಮೊದಲು ಲೆಕ್ಕ ಹಾಕಿ. ಒಂದು ಜಾಗಕ್ಕೆ ಬೀಳುವ ಬೆಳಕನ್ನು ಅಳೆಯೋದು ಲಕ್ಸ್‌ನಲ್ಲಿ. ಸುಡು ಬಿಸಿಲು ಅಂದರೆ ಸುಮಾರು 1 ಲಕ್ಷ ಲಕ್ಸ್. ಪ್ರತಿ ಕನ್ನಡಿ ಹತ್ತರಲ್ಲೊಂದು ಪಾಲು ತಿಂದರೂ ಎರಡು ದಾಟಿ 80 ಸಾವಿರ ಉಳಿಯುತ್ತದೆ. ಅದನ್ನೇ 20 ಚದರ ಮೀಟರ್ ನೆಲಕ್ಕೆ ಹರಡಿದರೆ ಸಿಗೋದು ಹೆಚ್ಚೆಂದರೆ 4 ಸಾವಿರ ಲಕ್ಸ್. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಜರೀಗಿಡಕ್ಕೆ ಇಷ್ಟು ಸಾಕು. ತುಳಸಿಗೆ, ದಾಸವಾಳಕ್ಕೆ ಸಾಲದು. ಅದಕ್ಕೇ ಗಿಡ ಕೊಳ್ಳುವ ಮುಂಚೆ ಲಕ್ಸ್ ಮೀಟರ್ ಕೊಳ್ಳಿ.

ಇನ್ನೊಂದು ವಿಷಯ. ಅಮೆರಿಕ, ಯುರೋಪಿನವರು ಬರೆದ ಇಂಥ ಏರ್ಪಾಡಿನ ನಕ್ಷೆಗಳಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೆ. ಬೆಂಗಳೂರಲ್ಲಿ ಏಪ್ರಿಲ್ ಕೊನೆಗೆ ನೆತ್ತಿಗೆ ಬಂದು, ಆಗಸ್ಟ್ ಮಧ್ಯದ ತನಕ ಉತ್ತರಕ್ಕೇ ಇರುತ್ತಾನೆ. ಕನ್ನಡಿ ಎರಡೂ ಕಡೆ ವಾಲಬೇಕು. ಸ್ಟ್ಯಾಂಡ್ ಮಾಡಿಸುವಾಗಲೇ ವೆಲ್ಡರ್‌ಗೆ ಇದನ್ನು ತೋರಿಸಿ ಹೇಳಿದೆ.

ಮೋಡ ಕವಿದರೆ ಕನ್ನಡಿಯಿಂದ ಜಾಸ್ತಿ ಉಪಯೋಗವಿಲ್ಲ. ಜೂನ್, ಜುಲೈಗೆ ಎಲ್‌ಇಡಿಯೂ ಬೇಕು, ಒಪ್ಪುತ್ತೇನೆ. ಗೋಡೆ ಜಿನುಗು ನಿಲ್ಲಿಸಿ ಎಕ್ಸಾಸ್ಟ್ ಫ್ಯಾನ್ ಹಾಕಿದ ಮೇಲೆಯೇ ಕುಂಡ ಇಳಿಸಿದೆವು.

ಕನ್ನಡಿ ಮೇಲೆ ಧೂಳು ಕೂತರೆ ಬೆಳಕು ಕಮ್ಮಿಯಾಗುತ್ತದೆ. ಆದ್ದರಿಂದ ಕನ್ನಡಿ ತೊಳೆಯುವ ಪಾಳಿ ಮಾಡಿದ್ದೇವೆ. ಟೆರೇಸಿಗೆ ಇನ್ನೊಂದು ತಿರುಗುವ ಕನ್ನಡಿ ಬೇಕು ಅಂತ ಸಂಘಕ್ಕೆ ಅರ್ಜಿ ಕೊಟ್ಟಿದ್ದೇನೆ. ಅದು ಬಂದರೆ 8 ಸಾವಿರ ಲಕ್ಸ್ ಹತ್ತಿರ ಹೋಗಬಹುದು. ಆಗ ಒಂದು ಮೂಲೆಗೆ ಆಂಥೂರಿಯಂ ಇಡುತ್ತೇನೆ.