ಪಕ್ಕವಾದ್ಯಕ್ಕೂ ದಾನಿಗಳು ಸಿಗುತ್ತಾರೆ: ನಮ್ಮ ಸಭೆಯ ಅನುಭವ

ತಿಂಗಳಿಗೆ ಇನ್ನೂರು, ಮುನ್ನೂರು ಕೊಡುವವರನ್ನು ನಂಬಿಕೊಂಡು ಸಂಗೀತ ಸಭೆ ನಡೆಸೋಕಾಗಲ್ಲ ಅಂತ ನಮ್ಮ ಸಮಿತಿಯಲ್ಲೇ ಹೇಳಿದವರಿದ್ದರು. ಬೇರೆ ಊರಿನ ಕಾರ್ಯದರ್ಶಿಗಳೂ ಅದನ್ನೇ ಹೇಳಿದರು. ಈಗ ಮೂರು ವರ್ಷ ದಾಟಿದೆ. ವರ್ಷಕ್ಕೆ ಹತ್ತು ಸಂಗೀತ ಕಚೇರಿ, ಒಂದೂ ತಪ್ಪಿಲ್ಲ. ಕಲಾವಿದರಿಗೆ ಒಂದು ಪೈಸೆ ಬಾಕಿ ಇಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಇದು ಸಭೆ ನಡೆಸುವವರಿಗಾಗಿ ಬರೆದದ್ದು. 12ಎ, 80ಜಿ ಅನ್ನುವ ತೆರಿಗೆ ರಿಯಾಯಿತಿಯ ನೋಂದಣಿಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ನಮ್ಮದು ಹಳೇ ಸಭೆ, ದತ್ತಿಗಳಿಗೇನೂ ಕಮ್ಮಿ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಅಪ್ಪನ ಹೆಸರಲ್ಲಿ, ಗುರುಗಳ ಹೆಸರಲ್ಲಿ ಐದು ಸಾವಿರ, ಹತ್ತು ಸಾವಿರ ಇಟ್ಟವರು ಹನ್ನೆರಡು ಹದಿಮೂರು ಮನೆಯವರಿದ್ದಾರೆ. ಆಗ ಠೇವಣಿಗೆ ನೂರಕ್ಕೆ ಹನ್ನೆರಡರ ಆಸುಪಾಸು ಬಡ್ಡಿ ಬರುತ್ತಿತ್ತು. ಹತ್ತು ಸಾವಿರಕ್ಕೆ ವರ್ಷಕ್ಕೆ 1,200. ಆ ಕಾಲಕ್ಕೆ ಊರಿನ ಕಲಾವಿದರ ಒಂದು ಸಣ್ಣ ಕಚೇರಿ ಅದರಲ್ಲೇ ಮುಗಿಯುತ್ತಿತ್ತು. ಈಗ ಬಡ್ಡಿ ಆರು, ಏಳರ ನಡುವೆ. ವರ್ಷಕ್ಕೆ 700 ಸಿಕ್ಕರೆ ಜಾಸ್ತಿ. ಮೃದಂಗದವರು ಬಸ್ ಸ್ಟ್ಯಾಂಡಿನಿಂದ ಹಾಲ್‌ಗೆ ಬಂದು ವಾಪಸ್ ಹೋಗುವ ಆಟೋಕ್ಕೇ ಅದು ಸರಿಹೋಗುತ್ತದೆ. ದತ್ತಿಪತ್ರದಲ್ಲಿ ಮಾತ್ರ 'ಪ್ರತಿ ವರ್ಷ ಒಂದು ಕಚೇರಿ' ಅಂತಲೇ ಇದೆ. ಮೂಲಧನ ಮುಟ್ಟುವ ಹಾಗಿಲ್ಲ, ಕೊಟ್ಟ ಮಾತು ತಪ್ಪುವ ಹಾಗೂ ಇಲ್ಲ.

ಮೊದಲು ಎಲ್ಲರ ಹಾಗೆ ನಾವೂ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಅಂದರೆ ಸಿಎಸ್‌ಆರ್ ಹಿಂದೆ ಹೋದೆವು. ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಕಲೆ, ಸಂಸ್ಕೃತಿ ಇದೆ ಅಲ್ವಾ, ಅದನ್ನೇ ಹಿಡಿದುಕೊಂಡು, ಆ ಹಣ ಪಡೆಯೋಕೆ ಬೇಕಾದ ಸಿಎಸ್‌ಆರ್-1 ನೋಂದಣಿ ಮಾಡಿಸಿದೆವು. ಮೂರು ವರ್ಷದ ಆಡಿಟ್ ವರದಿ ಜೋಡಿಸಿದೆವು. ಒಂದು ಕಂಪನಿಯ ಬಾಗಿಲಿಗೆ ವರ್ಷದ ಹತ್ತಿರ ಓಡಾಡಿದೆವು. ಫಲಾನುಭವಿಗಳು ಎಷ್ಟು, ಅವರ ಬದುಕಿನಲ್ಲಿ ಏನು ಬದಲಾಯಿತು, ಲೆಕ್ಕ ಕೊಡಿ ಅಂದರು. ಕೇಳುಗರ ಲೆಕ್ಕ ಕೊಟ್ಟೆವು, ಕಲಿಯುವ ಮಕ್ಕಳ ಲೆಕ್ಕ ಕೊಟ್ಟೆವು. ಸಾಲಲಿಲ್ಲ. ಕೊನೆಗೆ ವೇದಿಕೆ ಹಿಂದೆ ದೊಡ್ಡದಾಗಿ ಲೋಗೋ ಬೇಕು ಅಂದರು. ಪ್ರಚಾರದ ಲಾಭಕ್ಕಾಗಿ ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮದಲ್ಲೇ ಇದೆ. ಅದನ್ನು ಅವರ ಲೆಕ್ಕಪತ್ರದವರೇ ಹಿಡಿದರು. ಫೈಲ್ ಅಲ್ಲಿಗೇ ನಿಂತಿತು. ಓಡಾಟ, ಕಾಗದಪತ್ರ ಎಲ್ಲ ಸೇರಿ ನಮ್ಮ ಕೈಯಿಂದ ಹದಿನೈದು ಸಾವಿರವಾದರೂ ಹೋಗಿರಬೇಕು. ಸಂಬಳದ ಸಿಬ್ಬಂದಿ ಇರುವ ದೊಡ್ಡ ಸಂಸ್ಥೆಗಳಿಗೆ ಆ ದಾರಿ ಸರಿ. ಸಂಜೆ ಹೊತ್ತು ಪುರುಸೊತ್ತು ಮಾಡಿಕೊಂಡು ಸಭೆ ನಡೆಸುವ ನಮ್ಮಂಥವರಿಗೆ ಅಲ್ಲ.

ಸಮಿತಿ ಸೇರಿದಾಗಲೆಲ್ಲ ಯಾರಾದರೂ ಒಬ್ಬರು ಮೈಸೂರು ಮಹಾರಾಜರನ್ನು ನೆನೆಯುತ್ತಾರೆ. ನನಗೂ ಅಪಾರ ಗೌರವ. ಜಯಚಾಮರಾಜ ಒಡೆಯರು ಇಲ್ಲಿನ ವಿದ್ವಾಂಸರಿಗೆ ಆಸರೆ ಕೊಟ್ಟಿದ್ದಷ್ಟೇ ಅಲ್ಲ, ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಗಾರ ಮೆಡ್ಟ್ನರ್ ಅವರ ಕೃತಿಗಳ ರೆಕಾರ್ಡಿಂಗಿಗೂ 1940ರ ದಶಕದಲ್ಲಿ ಹಣ ಕೊಟ್ಟವರು. ಆದರೆ ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ 1971ರಲ್ಲೇ ರದ್ದಾಯಿತು. ಅಂಥ ಒಬ್ಬರು ಮತ್ತೆ ಬರಲಿ ಅಂತ ಕಾಯುತ್ತಾ ಕೂತರೆ ಈ ತಿಂಗಳ ಕಚೇರಿ ನಡೆಯುವುದಿಲ್ಲ. ನನಗೆ ದಾರಿ ಕಂಡಿದ್ದು ಕರಾವಳಿಯಲ್ಲಿ. ಕಟೀಲು, ಮಂದಾರ್ತಿ ಯಕ್ಷಗಾನ ಮೇಳಗಳ ಹರಕೆ ಆಟಕ್ಕೆ ಕುಟುಂಬಗಳು ವರ್ಷಗಟ್ಟಲೆ ಕಾಯುತ್ತವೆ. ಒಂದು ಮನೆಯವರು ಒಂದು ರಾತ್ರಿಯ ಖರ್ಚು ಹೊರುತ್ತಾರೆ, ಆಟ ಊರಿಗೆಲ್ಲ. ದುಡ್ಡು ಯಾವುದಕ್ಕೆ ಹೋಯಿತು ಅಂತ ಕೊಟ್ಟವರ ಕಣ್ಣಿಗೆ ಕಾಣುತ್ತದೆ. ಇದು ನಮ್ಮ ಸೇವೆ ಅನ್ನುವ ಭಾವ ಇರುತ್ತದೆ.

ಮೊದಲಿಗೆ ಅದನ್ನೇ ಯಥಾವತ್ತಾಗಿ ನಮ್ಮ ಸಭೆಗೆ ತಂದೆ. 'ಸೇವಾ ಕಚೇರಿ' ಅಂತ ಹೆಸರಿಟ್ಟು, ಒಂದು ಮನೆಗೆ ಒಂದು ಕಚೇರಿ ಅಂದೆ. ವರ್ಷಕ್ಕೆ ಮೂರೋ ನಾಲ್ಕೋ ಬಂದವು, ಈಗಲೂ ಬರುತ್ತವೆ. ಅದಕ್ಕಿಂತ ಮೇಲೆ ಹೋಗಲಿಲ್ಲ. ಒಟ್ಟಿಗೆ 55 ಸಾವಿರ ಎತ್ತಿ ಕೊಡುವ ಮನೆಗಳು ನಮ್ಮೂರಲ್ಲಿ ಅಷ್ಟೇ. ಅದರಲ್ಲೂ ತಕರಾರು ಬಂತು. ಕಲಾವಿದರನ್ನು ನಾವೇ ಆರಿಸುತ್ತೇವೆ ಅಂದವರಿದ್ದರು. ಮೊಮ್ಮಗಳ ಹಾಡು ನಡುವೆ ಇಡಿ ಅಂದವರಿದ್ದರು. ಈಗ ನಿಯಮ ಗಟ್ಟಿ ಮಾಡಿದ್ದೇವೆ: ಕಲಾವಿದರ ಆಯ್ಕೆ ಸಭೆಯದ್ದು, ದಾನಿಗಳ ಮಾತು ಶುರುವಿನಲ್ಲಿ ಎರಡು ನಿಮಿಷ. ಒಪ್ಪದವರ ದುಡ್ಡು ಬೇಡ ಅಂತ ಹೇಳಿ ಕಳಿಸಿದ್ದೂ ಇದೆ.

ಫಲ ಕೊಟ್ಟಿದ್ದು ಮುಂದಿನ ಹೆಜ್ಜೆ. ಖರ್ಚನ್ನೇ ಬಿಡಿಸಿ ಬಿಡಿಸಿ ಇಟ್ಟೆ. ಮುಖ್ಯ ಕಲಾವಿದರಿಗೆ ಇಪ್ಪತ್ತು ಇಪ್ಪತ್ತೈದು ಸಾವಿರ, ಪಿಟೀಲಿಗೆ ಎಂಟು, ಮೃದಂಗಕ್ಕೆ ಎಂಟು, ಘಟ ಅಥವಾ ಖಂಜರಿಗೆ ಐದು, ಹಾಲ್ ಮತ್ತು ಮೈಕ್‌ಗೆ ಏಳೆಂಟು, ಊಟ ಓಡಾಟಕ್ಕೆ ಐದಾರು. ದುಡ್ಡು ಕಮ್ಮಿಯಾದಾಗ ನಾವೆಲ್ಲ ಮಾಡುವುದು ಒಂದೇ. ಮೊದಲು ಘಟ ಬಿಡುತ್ತೇವೆ. ಆಮೇಲೆ ಮೃದಂಗದವರ ಸಂಭಾವನೆಗೆ ಕತ್ತರಿ ಹಾಕುತ್ತೇವೆ. ದೊಡ್ಡ ಹೆಸರಿನವರನ್ನು ಕರೆಸೋಕೆ ದಾನಿ ಸಿಗುತ್ತಾರೆ, ಪಕ್ಕದಲ್ಲಿ ಕೂರುವವರಿಗೆ ಯಾರೂ ಸಿಗುವುದಿಲ್ಲ ಅನ್ನೋದು ಎಲ್ಲರ ನಂಬಿಕೆ. ನಾನು ಬೇಕಂತಲೇ ಅಲ್ಲೇ ಕೇಳಿದೆ. 'ಸಭೆಗೆ ಸಹಾಯ ಮಾಡಿ' ಅನ್ನಲಿಲ್ಲ. 'ಘಟದ ತಂಡಕ್ಕೆ ಸೇರಿ, ತಿಂಗಳಿಗೆ ನೂರು ರೂಪಾಯಿ' ಅಂದೆ. ಮೃದಂಗದ ತಂಡಕ್ಕೆ 250, ಪಿಟೀಲಿಗೂ ಅಷ್ಟೇ, ಹಾಲ್ ಮತ್ತು ಓಡಾಟದ ತಂಡಕ್ಕೆ 500.

ಎಲ್ಲಕ್ಕಿಂತ ಮೊದಲು ತುಂಬಿದ್ದು ಘಟದ ತಂಡ. ನಮ್ಮ ಖಜಾಂಚಿಗಳು ಪಟ್ಟಿಯನ್ನು ಎರಡು ಸಲ ಎಣಿಸಿದರು. ಅಲ್ಲಿವರೆಗೂ ಆ ತಂಡಕ್ಕೆ ಸೇರಿದವರ ಹತ್ತಿರ ಯಾರೂ ನೂರು ರೂಪಾಯಿ ಕೇಳಿರಲೇ ಇಲ್ಲ, ಅದೇ ಕಾರಣ. ಹತ್ತು ಸಾವಿರದ ರಸೀದಿ ಪುಸ್ತಕ ಹಿಡಿದು ಹೋದರೆ ಬಾಗಿಲಲ್ಲೇ ಮುಖ ಬಾಡುತ್ತದೆ. ಈಗ ನಾಲ್ಕು ತಂಡ ಸೇರಿ 150ರ ಹತ್ತಿರ ಜನ ಇದ್ದಾರೆ. ವಾಪಸಾದ ಕಂತು ಕಳೆದು ತಿಂಗಳಿಗೆ 34, 35 ಸಾವಿರ ಕೈಗೆ ಬರುತ್ತದೆ. ಮುಖ್ಯ ಕಲಾವಿದರ ಸಂಭಾವನೆ ಬಿಟ್ಟು ಮಿಕ್ಕಿದ್ದೆಲ್ಲ ಇದರಲ್ಲೇ ನಡೆದು, ಸ್ವಲ್ಪ ಉಳಿಯುತ್ತದೆ. ಆ ಸಂಭಾವನೆಗೆ ಸೇವಾ ಕಚೇರಿಯ ಹಣ, ಹುಂಡಿ ಮತ್ತು ದತ್ತಿಯ ಬಡ್ಡಿ ಇದೆ.

ದಾನಿಗಳು ಉಳಿದುಕೊಂಡಿದ್ದು ಮಾರನೇ ದಿನದ ಮೆಸೇಜಿನಿಂದ. ಕಚೇರಿ ಮುಗಿದ ಮರುದಿನ ಬೆಳಿಗ್ಗೆ ಒಂಬತ್ತರೊಳಗೆ ಪ್ರತಿ ತಂಡಕ್ಕೂ ವಾಟ್ಸಾಪ್ ಹೋಗಬೇಕು. ಇಷ್ಟೇ ಬರೆಯುತ್ತೇನೆ: 'ನಿನ್ನೆ ಘಟಕ್ಕೆ 5,000 ಕೊಟ್ಟೆವು, ರಾತ್ರಿಯೇ ಅವರ ಅಕೌಂಟಿಗೆ ಹೋಯಿತು. ಅದನ್ನು ಕೊಟ್ಟಿದ್ದು ನೀವು. ತನಿ ಆವರ್ತನ ಹದಿನೆಂಟು ನಿಮಿಷ ನಡೆಯಿತು.' ಜೊತೆಗೆ ಕಲಾವಿದರ ಒಪ್ಪಿಗೆ ಪಡೆದು ತನಿಯ, ಅಂದರೆ ತಾಳವಾದ್ಯದವರಷ್ಟೇ ನುಡಿಸುವ ಭಾಗದ, ಒಂದು ನಿಮಿಷದ ಆಡಿಯೋ. ಶಾಲು ಹೊದಿಸುವ ಫೋಟೋ ಕಳಿಸುವುದಿಲ್ಲ. ಒಂದು ತಿಂಗಳು ಸುಮ್ನೆ ಫೋಟೋ ಮಾತ್ರ ಕಳಿಸಿ ನೋಡಿದ್ದೆ. ಲೆಕ್ಕ ಎಲ್ಲಿ ಅಂತ ಅವರೇ ಕೇಳಿದರು.

ಸಂಭಾವನೆ ಹೀಗೆ ಬಯಲಿಗೆ ಬಂದಾಗ ಇಬ್ಬರು ಹಿರಿಯ ವಾದಕರು ಬೇಸರ ಮಾಡಿಕೊಂಡರು. ನ್ಯಾಯವಾದ ಬೇಸರವೇ. ಅದಕ್ಕೆ ಪಿಟೀಲು, ಮೃದಂಗ ಎರಡಕ್ಕೂ ಒಂದೇ ದರ ಮಾಡಿದೆವು, ಯಾರೇ ಬಂದರೂ ಅಷ್ಟೇ. ಮೊದಲು ಮೂರೂವರೆ, ನಾಲ್ಕು ಸಾವಿರ ಕೊಡುತ್ತಿದ್ದೆವು, ಈಗ ಎಂಟು. ಮಂಗಳ ಹಾಡುವ ಹೊತ್ತಿಗೆ ಹಣ ಅಕೌಂಟಿಗೆ ಹೋಗಿರುತ್ತದೆ. ಆ ಇಬ್ಬರೂ ಆಮೇಲೆ ನಮ್ಮಲ್ಲಿ ನುಡಿಸಿದ್ದಾರೆ. ಒಬ್ಬರಂತೂ ಪಿಟೀಲಿನ ತಂಡಕ್ಕೆ ತಾವೇ ಸೇರಿದರು. ಅವತ್ತು ನನಗೆ ಆದ ಸಂತೋಷ ದೊಡ್ಡದು.

ದುಡ್ಡು ವಸೂಲಿಯ ವಿಷಯಕ್ಕೆ ಬರೋಣ. ಕಷ್ಟ ಇರುವುದು ಅಲ್ಲೇ. ಪ್ರತಿ ತಿಂಗಳು ಖಾತೆಯಿಂದ ತಾನಾಗೇ ಕಂತು ಬರುವ ಯುಪಿಐ ಆಟೋಪೇ ಅರವತ್ತರ ಒಳಗಿನವರಿಗೆ ಸುಲಭ. ಶುರುವಿನಲ್ಲಿ ಕಂತಿನ ದಿನ 28 ಇತ್ತು. ತಿಂಗಳ ಕೊನೆ, ಖಾತೆ ಖಾಲಿ, ಕಾಲುಭಾಗ ಕಂತು ವಾಪಸ್ ಬರುತ್ತಿತ್ತು. 5ನೇ ತಾರೀಖಿಗೆ ಬದಲಾಯಿಸಿದ ಮೇಲೆ ನೂರಕ್ಕೆ ಏಳೆಂಟು ಮಾತ್ರ ವಾಪಸ್. ಹಿಂದಿನ ದಿನ ಬ್ಯಾಂಕಿನಿಂದ ಮೆಸೇಜ್ ಬರುತ್ತದಲ್ಲ, ಅದನ್ನು ನೋಡಿ ಗಾಬರಿಯಾಗಿ ರದ್ದು ಮಾಡಿದವರೂ ಇದ್ದರು. ಅದಕ್ಕೆ 3ನೇ ತಾರೀಖೇ ನಮ್ಮಿಂದ ಒಂದು ಸಾಲಿನ ಮೆಸೇಜ್ ಹೋಗುತ್ತದೆ.

ಹಿರಿಯರಿಗೆ, ಕಂತು ಕಡಿತಕ್ಕೆ ಬ್ಯಾಂಕಿಗೆ ಒಪ್ಪಿಗೆ ಕೊಡುವ ಕಾಗದದ ಎನ್‌ಎಸಿಎಚ್ ಫಾರಂ ಮಾಡಿಸಿದೆ. ಸಹಿ ಹೊಂದುವುದಿಲ್ಲ ಅಂತ ಬ್ಯಾಂಕಿನಿಂದ ಒಂದರ ಹಿಂದೆ ಒಂದು ವಾಪಸ್ ಬಂದವು. ಮೂವತ್ತು ವರ್ಷದ ಹಿಂದೆ ಖಾತೆ ತೆರೆದಾಗ ಹಾಕಿದ ಸಹಿ ನೆಟ್ಟಗಿದೆ, ಈಗಿನದು ಕೈ ನಡುಗಿ ಕೆಳಗಿಳಿದಿದೆ. ಎಂಬತ್ತು ದಾಟಿದ ಒಬ್ಬ ರಸಿಕರು ಮೂರು ಫಾರಂ ಬರೆದರು, ಮೂರೂ ವಾಪಸ್. ಅವರ ಹತ್ತಿರ ಮತ್ತೆ ಸಹಿ ಹಾಕಿಸುವುದು ಸರಿ ಕಾಣಲಿಲ್ಲ. ಈಗ ಅಂಥವರಿಂದ ಯುಗಾದಿ ಹೊತ್ತಿಗೆ ವರ್ಷದ್ದು ಒಂದೇ ಚೆಕ್ ತರುತ್ತೇನೆ. ಮನೆಗೆ ಹೋಗುತ್ತೇನೆ, ಕೂತು ಮಾತಾಡುತ್ತೇನೆ.

80ಜಿ ಇಲ್ಲದಿದ್ದರೆ ಯಾರೂ ಕೊಡುವುದಿಲ್ಲ ಅನ್ನುವ ಮಾತನ್ನು ನಂಬಬೇಡಿ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ರಿಯಾಯಿತಿಯೇ ಇಲ್ಲ. ನಮ್ಮ ದಾನಿಗಳಲ್ಲಿ ಅರ್ಧದಷ್ಟು ಜನ ಹಾಗೆ ಹೋಗಿದ್ದಾರೆ, ಆ ಕಾರಣಕ್ಕೆ ಬಿಟ್ಟವರು ಒಬ್ಬರೋ ಇಬ್ಬರೋ. ಆದರೂ ಕಾಗದ ಸರಿ ಇರಬೇಕು. ತಂಡಕ್ಕೆ ಸೇರುವ ದಿನವೇ ಪಾನ್ ಬರೆಸಿಕೊಳ್ಳಿ. 2,000 ರೂಪಾಯಿ ದಾಟಿದ ನಗದಿಗೆ ರಿಯಾಯಿತಿ ಇಲ್ಲ ಅಂತ ಮೊದಲೇ ಹೇಳಿ. ದಾನಿಗಳ ವಿವರದ 10ಬಿಡಿ ಫಾರಂ ಸಲ್ಲಿಸೋಕೆ ಮೇ 31ರವರೆಗೆ ಕಾಯಬೇಡಿ, ತಡವಾದರೆ ದಿನಕ್ಕೆ 200 ರೂಪಾಯಿ ಬೀಳುತ್ತದೆ. ನಾವು ಮೇ ಎರಡನೇ ವಾರಕ್ಕೆ ಮುಗಿಸಿ ದಾನಿಗಳಿಗೆ ದೇಣಿಗೆಯ ಪ್ರಮಾಣಪತ್ರ, 10ಬಿಇ, ಕಳಿಸಿಬಿಡುತ್ತೇವೆ. ನೂರು ರೂಪಾಯಿ ಕೊಡುವವರಿಗೂ ಹೋಗುತ್ತದೆ. ದಾನಿಗಳ ಹೆಸರನ್ನು ಫಲಕದಲ್ಲಿ ಹಾಕಿದರೆ ಜಿಎಸ್‌ಟಿ ಬರುತ್ತದೆ ಅಂತ ಸಮಿತಿಯಲ್ಲಿ ಒಬ್ಬರು ಹೆದರಿಸಿದ್ದರು. ಕೃತಜ್ಞತೆಗಾಗಿ ಹೆಸರು ಹಾಕಿ, ವ್ಯಾಪಾರದ ಪ್ರಚಾರ ಇಲ್ಲದಿದ್ದರೆ ಬರುವುದಿಲ್ಲ ಅಂತ 2019ರ ಅಕ್ಟೋಬರ್‌ನಲ್ಲೇ ಸುತ್ತೋಲೆ ಇದೆ. ಅದನ್ನು ಪ್ರಿಂಟ್ ತೆಗೆದು ಕಡತದಲ್ಲಿ ಇಟ್ಟಿದ್ದೇನೆ.

ಒಂದು ಕಡೆ ಮಾತ್ರ ಬೇಡ ಅನ್ನಲೇಬೇಕಾಯಿತು. ನಮ್ಮ ರಸಿಕರೊಬ್ಬರ ಮಗಳು ಅಮೆರಿಕದಲ್ಲಿದ್ದಾರೆ, ಅಲ್ಲಿನ ಪೌರತ್ವ ಪಡೆದಿದ್ದಾರೆ. ವರ್ಷಕ್ಕೆ ಒಂದು ಲಕ್ಷ ಕೊಡುತ್ತೇನೆ ಅಂದರು. ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ಹಣವೇ, ವಿದೇಶಿ ದೇಣಿಗೆ ಪಡೆಯುವ ನೋಂದಣಿ, ಅಂದರೆ ಎಫ್‌ಸಿಆರ್‌ಎ ಇಲ್ಲದೆ ಮುಟ್ಟುವ ಹಾಗಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರಾದರೆ ಆ ತೊಂದರೆ ಇಲ್ಲ. ಲಕ್ಷ ರೂಪಾಯಿ ಬಿಡುವಾಗ ಹೊಟ್ಟೆ ಉರಿಯಿತು. ಅವರ ತಾಯಿ ತಮ್ಮ ಪಿಂಚಣಿಯಲ್ಲೇ 250 ಕೊಡುತ್ತಾ ಬಂದಿದ್ದಾರೆ.

ಬೇರೆ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಕ್ಯೂಆರ್ ಕೋಡನ್ನು ಕುರ್ಚಿಗಳ ಬೆನ್ನಿಗೆ ಅಂಟಿಸಿದೆವು. ಆಲಾಪನೆಯ ನಡುವೆ ಫೋನ್ ಹೊರಗೆ ಬಂದು ಕತ್ತಲಲ್ಲಿ ಬೆಳಕು ಹೊಡೆಯಿತು, ಮುಂದಿನ ಕಚೇರಿಗೇ ಕಿತ್ತುಹಾಕಿದೆವು. ಬಾಗಿಲ ಹತ್ತಿರದ ಹುಂಡಿಯಲ್ಲಿ ಮೊದಲು ಸಾವಿರ ದಾಟುತ್ತಿರಲಿಲ್ಲ. ತನಿ ಮುಗಿದ ಕೂಡಲೇ, ಚಪ್ಪಾಳೆ ನಿಲ್ಲುವ ಮೊದಲು, ಎರಡೇ ಮಾತು ಹೇಳಲು ಶುರು ಮಾಡಿದ ಮೇಲೆ ಮೂರೂವರೆ ಸಾವಿರದ ಹತ್ತಿರ ಬರುತ್ತಿದೆ. ಹಳೇ ದತ್ತಿಗಳಿಗೂ ಒಂದು ದಾರಿಯಾಯಿತು. ಆ ಎಲ್ಲ ಮನೆಯವರಿಗೂ ಬಡ್ಡಿಯ ಲೆಕ್ಕ ತೋರಿಸಿ, ಲಿಖಿತ ಒಪ್ಪಿಗೆ ಪಡೆದು, ವರ್ಷಕ್ಕೆ ಒಂದೇ ಸಮೂಹ ದತ್ತಿ ಕಚೇರಿ ಮಾಡಿದೆವು. ಅವತ್ತು ಅಷ್ಟೂ ಹೆಸರುಗಳನ್ನು ಓದುತ್ತೇವೆ. ನಾಲ್ಕೈದು ಮನೆಯವರು ಮೂಲಧನಕ್ಕೆ ಇನ್ನಷ್ಟು ಸೇರಿಸಿದರು.

ಈ ವರ್ಷ ನಾಗಸ್ವರ ಮತ್ತು ಡೋಲಿಗೆ ಬೇರೆ ತಂಡ ಕಟ್ಟುತ್ತಿದ್ದೇವೆ, ಮೂವತ್ತು ಜನರ ಹತ್ತಿರ ಬಂದಿದ್ದಾರೆ. ಫಾರಂ, ಮೆಸೇಜಿನ ಮಾದರಿ, ಸಮೂಹ ದತ್ತಿಯ ಒಪ್ಪಿಗೆ ಪತ್ರ, ಯಾವುದನ್ನು ಯಾವ ಸಭೆಯವರು ಕೇಳಿದರೂ ಕೊಡುತ್ತೇನೆ. ಮೊದಲ ಫೋನ್ ಯಾರಿಗೆ ಮಾಡಬೇಕು, ಬಿಟ್ಟುಹೋದವರನ್ನು ವಾಪಸ್ ಕರೆಯೋಕೆ ಯಾವ ಮಾತಿನಿಂದ ಶುರು ಮಾಡಬೇಕು ಅನ್ನೋದನ್ನು ಮಾತ್ರ ಸದ್ಯಕ್ಕೆ ನಮ್ಮ ಸಭೆಯೊಳಗೇ ಇಟ್ಟುಕೊಳ್ಳುತ್ತೇನೆ.