ಸೀಟಿದೆ ಅಕ್ಕಾ, ತೂಕ ಇಲ್ಲ: ಸ್ಟಾಫ್ ಟಿಕೆಟ್‌ನಲ್ಲಿ ಊರಿಗೆ ಹೋದ ನನ್ನ ಅನುಭವ

ನಮ್ಮಮ್ಮನಿಗೆ ಇವತ್ತಿಗೂ ಸಬ್ಲೋ ಅಂದರೆ ಏನು ಅಂತ ಅರ್ಥ ಆಗಿಲ್ಲ. ಅವಳ ಲೆಕ್ಕದಲ್ಲಿ ಮಗಳಿಗೆ ವಿಮಾನದಲ್ಲಿ ಕೆಲಸ, ಅಂದಮೇಲೆ ವಿಮಾನದಲ್ಲಿ ಜಾಗ ಇದ್ದೇ ಇರಬೇಕು. ಡೊಂಬಿವಿಲಿಯ ನಮ್ಮ ಕಟ್ಟಡದಲ್ಲಿ ಕಾರ್ಕಳ, ಕುಂದಾಪುರ ಕಡೆಯವರದ್ದೇ ನಾಲ್ಕೈದು ಮನೆ ಇದೆ. ಅವರಿಗೆಲ್ಲ "ನಮ್ಗೆ ವಿಮಾನ ಫ್ರೀ" ಅಂತ ಅವಳು ಹೇಳಿಯೂ ಆಗಿದೆ. ಈಗ ಯಾರು ಸಿಕ್ಕಿದರೂ ನನ್ನ ಹತ್ತಿರ ಕೇಳುವುದು ಅದನ್ನೇ.

ಫ್ರೀ ಅಲ್ಲ. ನಾನು ಕ್ಯಾಬಿನ್ ಕ್ರೂ ಆಗಿ ಒಂಬತ್ತು ವರ್ಷ ಆಯಿತು, ಬೇಸ್ ಮುಂಬೈ. ನಾವು ಜಾಸ್ತಿ ಬಳಸುವುದು ಐಡಿ 90 ಅನ್ನುವ ಟಿಕೆಟ್. ಮೂಲ ದರದಲ್ಲಿ ನೂರಕ್ಕೆ ತೊಂಬತ್ತು ಕಡಿತ. ಮೂಲ ದರ 4,000 ಇದ್ದರೆ 400 ಕೊಡಬೇಕು. ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ವಿಮಾನ ನಿಲ್ದಾಣದ ಶುಲ್ಕ, ತೆರಿಗೆ ಎಲ್ಲ ಬೇರೆ. ಅದರಲ್ಲಿ ಕಡಿತ ಇಲ್ಲ. ಸೀಸನ್ ಇಲ್ಲದ ದಿನ ಒಳ್ಳೆ ಆಫರ್ ಬಂದರೆ ಹೊರಗಿನವರ ಟಿಕೆಟ್‌ಗೂ ನಮ್ಮದಕ್ಕೂ ಅಂಥ ವ್ಯತ್ಯಾಸವೇ ಇರುವುದಿಲ್ಲ. ಅಂಥ ದಿನ ನಾನು ಸುಮ್ನೆ ಮಾಮೂಲಿ ಟಿಕೆಟ್ಟೇ ತೆಗೆಯುತ್ತೇನೆ. ಸೀಟಾದರೂ ಗ್ಯಾರಂಟಿ.

ಯಾಕೆಂದರೆ ಐಡಿ ಟಿಕೆಟ್ ಕೈಯಲ್ಲಿದ್ದರೆ ಸೀಟು ನಿಮ್ಮದು ಅಂತ ಅಲ್ಲ. ಅದು ಸಬ್ಲೋ, ಸಬ್ಜೆಕ್ಟ್ ಟು ಲೋಡ್. ಲೋಡ್, ಅಂದರೆ ವಿಮಾನ ಎಷ್ಟು ತುಂಬಿದೆ ಅಂತ, ನೋಡಿ ಕೊಡುವುದು. ದುಡ್ಡು ಕೊಟ್ಟವರೆಲ್ಲ ಹತ್ತಿ, ಕೌಂಟರ್ ಮುಚ್ಚಿ, ಆಮೇಲೂ ಜಾಗ ಉಳಿದರೆ ಮಾತ್ರ ನಮ್ಮನ್ನು ಕರೆಯುತ್ತಾರೆ. ದೇಶದೊಳಗಿನ ಫ್ಲೈಟ್‌ಗೆ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಕೌಂಟರ್ ಬಂದ್. ನಮ್ಮ ಎದೆ ಹೊಡೆದುಕೊಳ್ಳಲು ಶುರುವಾಗುವುದು ಆಗಲೇ. ಡ್ಯೂಟಿ ಮೇಲೆ ಇನ್ನೊಂದು ಊರಿಗೆ ಕಳಿಸುವಾಗ ಕೊಡುವ ಎಸ್‌ಓಡಿ ಟಿಕೆಟ್ ಬೇರೆ, ಅದಕ್ಕೆ ಸೀಟು ಪಕ್ಕಾ. ರಜೆಯಲ್ಲಿ ಹೋಗುವಾಗ ನಾವು ಕ್ಯೂನ ಕೊನೆಯವರು.

ಆ ಕೊನೆಯವರಲ್ಲೂ ಮತ್ತೆ ಸಾಲು ಇದೆ. ನಮ್ಮಲ್ಲಿ ಕೆಲಸಕ್ಕೆ ಸೇರಿದ ತಾರೀಕು ನೋಡುತ್ತಾರೆ, ಹಳಬರಿಗೆ ಮೊದಲು. ಕೆಲವು ಕಡೆ ಮೊದಲು ಕೌಂಟರಿಗೆ ಬಂದವರಿಗೆ ಮೊದಲು. ನಾನು ಹೊಸದಾಗಿ ಸೇರಿದಾಗ ಇದು ಗೊತ್ತಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೇ ಹೋಗಿ ಕೂತಿದ್ದೆ. ಐದೂವರೆಗೆ ಆರಾಮಾಗಿ ನಡೆದುಕೊಂಡು ಬಂದ ಸೀನಿಯರ್ ಒಬ್ಬರು ನನ್ನ ಕಣ್ಣೆದುರೇ ಇದ್ದ ಒಂದೇ ಸೀಟು ತೆಗೆದುಕೊಂಡು ಹೋದರು. ಸಿಟ್ಟು ಬಂತು, ಆದರೆ ಯಾರ ಮೇಲೆ ತೋರಿಸುವುದು?

ಆಮೇಲೆ ಲೋಡ್ ನೋಡುವುದು ಕಲಿತೆ. ಸಿಸ್ಟಮ್‌ನಲ್ಲಿ ಎಷ್ಟು ಬುಕ್ ಆಗಿದೆ ಅಂತ ಮಾತ್ರ ನೋಡಿದರೆ ಸಾಲದು. ನಮ್ಮ ಹಾಗೆ ಸ್ಟಾಫ್ ಎಷ್ಟು ಜನ ಲಿಸ್ಟ್ ಆಗಿದ್ದಾರೆ ಅಂತಲೂ ನೋಡಬೇಕು. 186 ಸೀಟಿನಲ್ಲಿ 176 ಬುಕ್ ಆಗಿದ್ದರೆ ಹತ್ತು ಖಾಲಿ ಅಂತ ಖುಷಿ ಆಗುತ್ತದೆ, ಲಿಸ್ಟ್‌ನಲ್ಲಿ ಹನ್ನೆರಡು ಸ್ಟಾಫ್ ಇದ್ದರೆ ಆ ಖುಷಿ ಅಲ್ಲಿಗೇ ಮುಗಿಯಿತು. ಹಿಂದಿನ ಫ್ಲೈಟ್ ಕ್ಯಾನ್ಸಲ್ ಆಗಿದೆಯಾ ಅಂತಲೂ ನೋಡಿ. ಆಗಿದ್ದರೆ ಆ ಜನರೆಲ್ಲ ಈ ಫ್ಲೈಟಿಗೇ ಬರುತ್ತಾರೆ, ನೀವು ಮನೆಯಲ್ಲೇ ಇರುವುದು ವಾಸಿ. ಮಂಗಳೂರಿಗೆ ಶುಕ್ರವಾರ ಸಂಜೆ, ಅಲ್ಲಿಂದ ವಾಪಸ್ ಭಾನುವಾರ ರಾತ್ರಿ, ಚೌತಿ, ದೀಪಾವಳಿ, ಮೇ ತಿಂಗಳು, ಇವನ್ನೆಲ್ಲ ನಾನು ಪಟ್ಟಿಯಿಂದಲೇ ಹೊಡೆದು ಹಾಕಿದ್ದೇನೆ. ಮಂಗಳವಾರ, ಬುಧವಾರ ಮಧ್ಯಾಹ್ನದ ಫ್ಲೈಟಿನಲ್ಲಿ ಕಾಲು ಚಾಚಿ ಕೂತು ಹೋಗಿದ್ದೂ ಇದೆ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತಲ್ಲ, ಆ ಬೇಸಿಗೆಯಲ್ಲಿ ಮಾತ್ರ ಯಾವ ವಾರ ಅಂತ ಇಲ್ಲ, ಎಲ್ಲ ಫ್ಲೈಟೂ ಫುಲ್. ಒಮ್ಮೆಯೂ ಸಬ್ಲೋದಲ್ಲಿ ಊರಿಗೆ ಹೋಗಲು ಆಗಲಿಲ್ಲ.

ಇಷ್ಟೆಲ್ಲ ಗೊತ್ತಾದಮೇಲೂ ನಾನು ಪೆಟ್ಟು ತಿಂದಿದ್ದು ಒಂದು ಜುಲೈಯಲ್ಲಿ. ಕಾರ್ಕಳದಲ್ಲಿ ಚಿಕ್ಕಮ್ಮನಿಗೆ ಮೊಮ್ಮಗ ಹುಟ್ಟಿದ್ದ, ನಾವು ಹೊರಟ ಮಾರನೇ ದಿನ ನಾಮಕರಣ. ಅಮ್ಮ ಬಾಣಂತಿಗೆ ಅಂತ ಎರಡು ದಿನ ಕೂತು ಅಂಟಿನುಂಡೆ ಕಟ್ಟಿದ್ದಳು. ಸ್ಟೀಲ್ ಡಬ್ಬಿ ಸೇರಿ ಮೂರು ಕಿಲೋ. ಮುಚ್ಚಳ ಜಾರಬಾರದು ಅಂತ ಹಳೇ ಸೀರೆಯ ಅಂಚು ಹರಿದು ಕಟ್ಟಿದ್ದಳು. ನಾನು ಲೋಡ್ ನೋಡಿದ್ದೆ. ಹದಿನಾಲ್ಕು ಸೀಟು ಖಾಲಿ, ಸ್ಟಾಫ್ ಅಂದರೆ ನಾವಿಬ್ಬರೇ. ಇನ್ನೇನು ಬೇಕು? ಡೊಂಬಿವಿಲಿಯಿಂದ ಘಾಟ್ಕೋಪರ್‌ವರೆಗೆ ಲೋಕಲ್, ಅಲ್ಲಿಂದ ಮಳೆಯಲ್ಲಿ ರಿಕ್ಷಾ. ಟರ್ಮಿನಲ್‌ನಲ್ಲಿ ಧೈರ್ಯವಾಗಿ ಕೂತೆವು.

ಕೌಂಟರ್‌ನಲ್ಲಿದ್ದ ಹುಡುಗ ಹುಬ್ಬಳ್ಳಿ ಕಡೆಯವನು. ನಾವು ಕನ್ನಡ ಮಾತಾಡಿದ್ದು ಕೇಳಿ ಅವನೂ ಕನ್ನಡದಲ್ಲೇ ಶುರು ಮಾಡಿದ. ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ, ಫೋನಿನಲ್ಲಿ ಯಾರ ಹತ್ತಿರವೋ ಮಾತಾಡಿದ, ಆಮೇಲೆ ಹೇಳಿದ: "ಸೀಟಿದೆ ಅಕ್ಕಾ, ತೂಕ ಇಲ್ಲ."

ಕ್ರೂ ಆಗಿ ನನಗೆ ಇದು ಹೊಳೆಯಬೇಕಿತ್ತು. ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಯದ್ದು ಗುಡ್ಡದ ತಲೆ ಮೇಲಿನ ರನ್‌ವೇ, ಉದ್ದ 2,450 ಮೀಟರ್. ಮಳೆಗಾಲದಲ್ಲಿ ಅದು ಒದ್ದೆ, ಹಾಗಾಗಿ ಇಳಿಯುವಾಗ ವಿಮಾನದ ತೂಕಕ್ಕೆ ಒಂದು ಮಿತಿ ಇರುತ್ತದೆ. ಅತ್ತ ಮೋಡ ಕವಿದು ಇಳಿಯಲು ಆಗದಿದ್ದರೆ ಬೆಂಗಳೂರಿಗೋ ಕೊಚ್ಚಿಗೋ ಹೋಗಬೇಕು, ಅದಕ್ಕೂ ಇಂಧನ ಜಾಸ್ತಿ ತುಂಬಿಸಿರುತ್ತಾರೆ. ಇಂಧನ ಜಾಸ್ತಿ ಆದಷ್ಟು ಜನರಿಗೆ ಉಳಿಯುವ ತೂಕ ಕಡಿಮೆ. ಆಗ ಸೀಟು ಖಾಲಿ ಇಟ್ಟುಕೊಂಡೇ ಹಾರುತ್ತಾರೆ. ಮೊದಲು ಬಿಟ್ಟು ಹೋಗುವುದು ಯಾರನ್ನು ಅಂತ ಬೇರೆ ಹೇಳಬೇಕಾ?

ಹುಡುಗ ಮತ್ತೆ ಫೋನ್ ಮಾಡಿದ. "ಒಬ್ಬರನ್ನ ಕಳಿಸಬಹುದು" ಅಂದ.

ನಾನು ಅಮ್ಮನಿಗೆ ವಿಷಯ ಬಿಡಿಸಿ ಹೇಳಿದೆ. ಅವಳು ಡಬ್ಬಿ ಎತ್ತಿ ಹಿಡಿದು, "ಇದನ್ನ ಇಲ್ಲೇ ಬಿಟ್ರೆ ತೂಕ ಕಡಿಮೆ ಆಗ್ತದಲ್ಲ? ಆಗ ನೀನೂ ಬರ್ಬಹುದು" ಅಂದಳು. ಅಮ್ಮಾ, ಒಬ್ಬ ದೊಡ್ಡವರಿಗೆ ಕೈಚೀಲ ಸೇರಿ 75 ಕಿಲೋ ಅಂತ ಮೊದಲೇ ಲೆಕ್ಕ ಹಿಡಿದಿರುತ್ತಾರೆ, ಡಬ್ಬಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಅಂದೆ. "ನಾನೆಲ್ಲಿ ಮಾರಾಯ್ತಿ 75 ಕಿಲೋ ಇದ್ದೇನೆ?" ಅಂತ ಆ ಹುಡುಗನ ಎದುರೇ ಕೇಳಿದಳು. ಅವನು ನಗು ತಡೆಯಲು ಪ್ರಿಂಟರ್ ಕಡೆ ತಿರುಗಿದ.

ಇಂಥ ಹೊತ್ತಲ್ಲಿ ಕೌಂಟರಿನವರ ಜೊತೆ ಜಗಳ ಮಾಡಬಾರದು. ಅವರ ಕೈಯಲ್ಲಿ ಏನೂ ಇರುವುದಿಲ್ಲ, ಮತ್ತೆ ನಾಳೆ ಅವರದೇ ಮುಖ ನೋಡಬೇಕು. ಅಪ್ಪ ಅಮ್ಮನ ಹೆಸರಲ್ಲಿ ಟಿಕೆಟ್ ತೆಗೆದರೂ ಜವಾಬ್ದಾರಿ ನಮ್ಮದೇ. ಅವರು ಗೇಟಿನಲ್ಲಿ ಕೂಗಾಡಿದರೆ ನಮ್ಮ ಸೌಲಭ್ಯ ಕಟ್ ಆಗಬಹುದು. ಬಟ್ಟೆಯೂ ಅಷ್ಟೇ. ನೈಟ್ ಪ್ಯಾಂಟ್, ಹವಾಯಿ ಚಪ್ಪಲಿ ನಡೆಯುವುದಿಲ್ಲ. ಸೀಟೋ ತೂಕವೋ ಸಾಲದಿದ್ದರೆ ಹತ್ತಿ ಕೂತಮೇಲೂ ಇಳಿಸಬಹುದು, ನನಗೆ ಎರಡು ಸಲ ಆಗಿದೆ. ಬ್ಯಾಗ್ ತೆಗೆದುಕೊಂಡು, ನಗುಮುಖದಲ್ಲಿ, ಎಲ್ಲರ ಕಣ್ಣೆದುರು ನಡೆದು ಬರಬೇಕು.

ಅದಕ್ಕೇ ದಿನದ ಮೊದಲ ಫ್ಲೈಟಿಗೇ ಹೋಗಿ. ಸಿಗದಿದ್ದರೆ ಹಿಂದೆ ಇನ್ನೊಂದೆರಡು ಇರುತ್ತವೆ. ಆ ಇನ್ನೊಂದು ಬೇರೆ ಟರ್ಮಿನಲ್‌ನಿಂದ ಹೊರಡುತ್ತದಾ ಅಂತಲೂ ನೋಡಿಕೊಳ್ಳಿ. ಟಿ1 ಸಾಂತಾಕ್ರೂಜ್ ಕಡೆ, ಟಿ2 ಸಹಾರ್ ಕಡೆ, ಮೊದಲು ರಿಕ್ಷಾಕ್ಕೇ ಜೀವ ಹೋಗುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಮೆಟ್ರೋ 3 ಬಂದಮೇಲೆ ಎರಡಕ್ಕೂ ಸ್ಟೇಷನ್ ಇದೆ, ಮಧ್ಯೆ ಸಹಾರ್ ರೋಡ್ ಒಂದೇ. ವಾಪಸ್ ಬರುವಾಗ ಡ್ಯೂಟಿಗೆ ಒಂದು ಪೂರ್ತಿ ದಿನ ಮೊದಲೇ ಬಂದು ಬಿಡುತ್ತೇನೆ. "ಸಬ್ಲೋ ಸಿಗಲಿಲ್ಲ" ಅಂತ ರೋಸ್ಟರಿನವರಿಗೆ ಫೋನ್ ಮಾಡಿ ನೋಡಿ, ಉತ್ತರ ಕೇಳಿಸಿಕೊಳ್ಳುವ ಹಾಗಿರುವುದಿಲ್ಲ. ಒಮ್ಮೆ ಭಾನುವಾರ ರಾತ್ರಿ ಹಾಗೇ ಸಿಕ್ಕಿಬಿದ್ದು ಪೂರ್ತಿ ದುಡ್ಡು ಕೊಟ್ಟು ಬೆಂಗಳೂರು ಸುತ್ತಿ ಬಂದೆ. ಆ ತಿಂಗಳು ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು.

ಬೇರೆ ಕಂಪನಿಯ ವಿಮಾನಕ್ಕೆ ಝೆಡ್ ಟಿಕೆಟ್ ಇದೆ. ಎಷ್ಟು ದೂರ ಅಂತ ವಲಯ ಮಾಡಿರುತ್ತಾರೆ, ಅದರ ಮೇಲೆ ದರ. ಎರಡು ಕಂಪನಿಗಳ ನಡುವೆ ಒಪ್ಪಂದ ಇದ್ದರೆ ಮಾತ್ರ ಸಿಗುತ್ತದೆ. ನಮ್ಮ ಸೀನಿಯಾರಿಟಿ ಅಲ್ಲಿ ನಡೆಯುವುದಿಲ್ಲ, ಅವರ ಸ್ಟಾಫ್ ಎಲ್ಲ ಹತ್ತಿದಮೇಲೆ ನಾವು. ವಿದೇಶಕ್ಕೆ ಹೋಗುವಾಗ ವಾಪಸ್ ಬರಲು ಮಾಮೂಲಿ ಟಿಕೆಟ್ ತೆಗೆಯುವಷ್ಟು ದುಡ್ಡು ಕಾರ್ಡಿನಲ್ಲಿ ಇಟ್ಟುಕೊಂಡೇ ಹೊರಡಿ. ಇಲ್ಲದಿದ್ದರೆ ಹೋಗಲೇಬೇಡಿ.

ಆ ಜುಲೈಯಲ್ಲಿ ಬೋರ್ಡಿಂಗ್ ಪಾಸ್ ಅಮ್ಮನ ಕೈಗೆ ಕೊಟ್ಟೆ. ಡಬ್ಬಿ ನನ್ನ ಕೈಗೆ ಬಂತು. ಎಷ್ಟು ಹೇಳಿದರೂ ಕೇಳಲಿಲ್ಲ, "ಮೇಲೆ ಹೋದ್ಮೇಲೆ ಭಾರ ಆಗೂದು ಬೇಡ" ಅಂತ ಸೆಕ್ಯೂರಿಟಿ ಕಡೆ ಹೊರಟೇ ಬಿಟ್ಟಳು. ಮಧ್ಯಾಹ್ನದ ಫ್ಲೈಟ್‌ಗೂ ಅದೇ ಉತ್ತರ. ಅಷ್ಟರಲ್ಲಿ ಊರ ಕಡೆಯ ಮತ್ಸ್ಯಗಂಧ ರೈಲು ಎಲ್‌ಟಿಟಿ ಸ್ಟೇಷನ್ ಬಿಟ್ಟು ಆಗಿತ್ತು, ಬರ್ತ್ ಅಂತೂ ಮೊದಲೇ ಇರಲಿಲ್ಲ. ಸಂಜೆ ಸಯನ್‌ನಲ್ಲಿ ಮಳೆಯಲ್ಲಿ ನೆನೆದುಕೊಂಡು ಸ್ಲೀಪರ್ ಬಸ್ ಹತ್ತಿದೆ. ಮೇಲಿನ ಸೀಟು. ಪುಣೆ ದಾಟುವ ಹೊತ್ತಿಗೆ ಅಮ್ಮನ ಫೋನ್ ಬಂತು. "ಮುಟ್ಟಿದೆ ಮಗಾ, ಊಟ ಆಯ್ತು, ವಿಮಾನದಲ್ಲಿ ನನ್ನ ಪಕ್ಕ ಎರಡು ಸೀಟು ಖಾಲಿ ಇತ್ತು ನೋಡು" ಅಂದಳು. ನಾನು ಡಬ್ಬಿಯ ಗಂಟು ಬಿಚ್ಚಿ ಒಂದು ಉಂಡೆ ತಿಂದೆ. ಬೆಳಗಾವಿ ಬರುವಷ್ಟರಲ್ಲಿ ಇನ್ನೂ ಎರಡು.